ಐದನೆಯ ಘಟಕ, ನಾಲ್ಕನೆಯ ಸಲ

ಬೆಳಗಿನ ಮಕ್ಕಳನ್ನು ಶಾಲೆಗಿಳಿಸಿ
ಹಳದಿ ಬಸ್ಸನ್ನು ಕಾಲೇಜಿನ ಹಿಂದೆ
ಹಿಮದ ಗುಡ್ಡೆಗೆ ಆತು ನಿಲ್ಲಿಸುತ್ತೇನೆ.
ಒಂಬತ್ತರಿಂದ ಎರಡರವರೆಗೆ ನಾನು ವಿದ್ಯಾರ್ಥಿನಿ.
ವಯಸ್ಸು ಐವತ್ತಾರು. ತೆರೆಯ ಮೇಲೆ ಹೆಸರು:
ಲ್ಯುಡಿವಿನ್ ಸಿರ್, ಪ್ರಾರಂಭಿಕ ಬೀಜಗಣಿತ,
ಘಟಕ ಐದು, ಪ್ರಯತ್ನ ನಾಲ್ಕು.

ಇಲ್ಲಿ ಕರಿಹಲಗೆಯಿಲ್ಲ, ಗಂಟೆಯಿಲ್ಲ,
ಮುಂದಿನ ಬೆಂಚು ಹಿಂದಿನ ಬೆಂಚು ಇಲ್ಲ.
ನೂರಕ್ಕೆ ಎಂಬತ್ತೈದು ಬಂದರೆ ಬೀಗ ತೆರೆಯುತ್ತದೆ,
ಎಂಬತ್ತನಾಲ್ಕಕ್ಕೆ ಇಲ್ಲ.
ಯಾರೂ ಬೈಯುವುದಿಲ್ಲ. ಅದೇ ಕಷ್ಟ.
ಬೈಯುವವರಿದ್ದರೆ
ಅವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಪಕ್ಕದ ಕುರ್ಚಿಯ ಕೋಲ್ಬಿ, ಮರದ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕೂದಲಲ್ಲಿ ಗರಗಸದ ಹೊಟ್ಟು ಹೊತ್ತು ಬರುವವನು,
ತೂಕಡಿಸುತ್ತಲೇ ಒಂಬತ್ತನೆಯ ಘಟಕ ಮುಟ್ಟಿದ್ದಾನೆ.
ಎದುರಿನ ಮಿಸೆಸ್ ಮಿಶೋ ನವೆಂಬರಿನಿಂದ ಎರಡನೆಯದರಲ್ಲೇ ಇದ್ದಾಳೆ,
ಸ್ವೆಟರಿನ ತೋಳು ಹೆಣೆಯುತ್ತ.
"ನನಗೇನು ಅವಸರ? ಭಿನ್ನರಾಶಿ ಎಲ್ಲಿಗಾದರೂ ಓಡಿಹೋಗುತ್ತದೆಯೆ?"

ಒಂಬತ್ತನೆಯ ತರಗತಿಯ ಆ ಸೆಪ್ಟೆಂಬರು.
ಆಲೂಗಡ್ಡೆ ಕೀಳುವ ಮೂರು ವಾರ
ಅರೂಸ್ಟುಕ್‌ನಲ್ಲಿ ಶಾಲೆಗೆ ರಜೆ.
ಬೇರೆಯವರ ಮಕ್ಕಳು ಮರಳಿ ಹೋದರು.
ನಾನು ಪೀಪಾಯಿ ತುಂಬುತ್ತ ಉಳಿದುಬಿಟ್ಟೆ,
ಪೀಪಾಯಿಗೆ ಐವತ್ತು ಸೆಂಟು,
ಮೇಲೆ ನನ್ನ ನಂಬರಿನ ಚೀಟಿ, ಹದಿನೇಳು.
ಆ ಚಳಿಗಾಲ ತರಗತಿಗೆ ಎಕ್ಸ್ ಎಂಬುವನು ಬಂದಿದ್ದನಂತೆ.
ನನಗೆ ಅವನ ಮುಖಪರಿಚಯವೂ ಆಗಲಿಲ್ಲ.

ಬಿತ್ತನೆಗಡ್ಡೆ ಹೋಳು ಮಾಡುವುದನ್ನು ಅಪ್ಪ ಕಲಿಸಿದ್ದ:
ಹೋಳಿಗೊಂದಾದರೂ ಕಣ್ಣಿರಬೇಕು,
ಕುರುಡು ಹೋಳು ಮಣ್ಣಲ್ಲಿ ಕೊಳೆಯುತ್ತದೆ.
ನನಗೆ ಗೊತ್ತಿದ್ದ ಬೀಜಗಣಿತ ಅಷ್ಟೇ.

ಈಗ ಈ ಆವರಣ.
ಹೊರಗೊಂದು ಅಡ್ಡಗೀಟು,
ಋಣವೆಂದರೆ ಇಲ್ಲಿ ಅಷ್ಟು ಸಣ್ಣದು.
ಒಳಗೆ ಎಕ್ಸ್, ಮೈನಸ್ ಮೂರು.
ಮೂರು ಸಲವೂ ಎಕ್ಸಿಗೆ ಮಾತ್ರ ಗೀಟು ಹಚ್ಚಿ
ಮೂರನ್ನು ಹಾಗೇ ಬಿಟ್ಟಿದ್ದೆ.
ಪಾಪ, ಅದಕ್ಕೆ ಆಗಲೇ ಒಂದಿದೆಯಲ್ಲ ಎಂದು.
ಪೊಮರ್ಲೋ ಮೇಡಂ ಬಂದು
ಪೆನ್ಸಿಲ್ ತುದಿಯಿಂದ ಗೀಟನ್ನು ಮುಟ್ಟಿದರು:
"ಇವನು ಬಾಗಿಲಲ್ಲಿ ನಿಂತಿದ್ದಾನೆ ನೋಡಿ,
ಒಳಗಿರುವ ಒಬ್ಬರನ್ನೂ ಬಿಡುವುದಿಲ್ಲ."
ಕಾಫಿ ತರಲು ಹೋದರು.

ಬಾಗಿಲಲ್ಲಿ.
ಬೂಟಿನ ಮಣ್ಣು ಕೊಡವದೆ ಅಪ್ಪ ನಿಲ್ಲುತ್ತಿದ್ದ,
ಬೆಲೆ ಬಿದ್ದ ದಿನ, ಬೀಳದ ದಿನವೂ.
ಆಡುತ್ತಿದ್ದ ತಮ್ಮ ಗೋಡೆಯಾಗುತ್ತಿದ್ದ.
ರೇಡಿಯೊ ತಂತಾನೆ ಸಣ್ಣಗಾಗುತ್ತಿತ್ತು.
ಹಾಡುತ್ತಿದ್ದ ನಾನು ಮೇಜಿನಡಿ.
ಮತ್ತು ದಿನವಿಡೀ ಮಾತಿಲ್ಲದೆ, ಕಿಟಕಿಗೆ ಬೆನ್ನು ಕೊಟ್ಟು
ಸೊನ್ನೆಗಿಂತ ಕೆಳಗೆಲ್ಲೋ ಕೂತಿರುತ್ತಿದ್ದ ಅಮ್ಮ
ಆ ಗಳಿಗೆಯಲ್ಲಿ ಮಾತ್ರ
ನಗುತ್ತಿದ್ದಳು. ಜೋರಾಗಿ.
ಬಾ, ಸೂಪ್ ಬಿಸಿಯಿದೆ, ಬಾ ಎಂದು.
ನಲವತ್ತು ವರ್ಷ ಆ ನಗುವನ್ನು ನಾನು ಕ್ಷಮಿಸಿರಲಿಲ್ಲ.
ಅವನ ಕಡೆಯವಳು ಎಂದುಕೊಂಡಿದ್ದೆ.

ಮೈನಸ್ ಎಕ್ಸ್,
ಪ್ಲಸ್ ಮೂರು.

ಬರೆದೆ. ಪೆನ್ಸಿಲ್ ಬೆವರಿತ್ತು.
ಅಮ್ಮ ಲೆಕ್ಕ ಮಾಡುತ್ತಿದ್ದಳು,
ನಮ್ಮಿಬ್ಬರ ಪಾಲಿನದನ್ನೂ ಸೇರಿಸಿ.

ತೊಂಬತ್ತೊಂದು.
ಬೀಗದ ಚಿತ್ರ ಸದ್ದಿಲ್ಲದೆ ತೆರೆಯಿತು.
ಕೋಲ್ಬಿ ಕಣ್ಣು ಬಿಡದೆ ಹೆಬ್ಬೆರಳೆತ್ತಿದ.
ಮಿಸೆಸ್ ಮಿಶೋ ತಪ್ಪಿದ ಸಾಲೊಂದನ್ನು ಬಿಚ್ಚುತ್ತಿದ್ದಳು.
ಆರನೆಯದರಲ್ಲಿ ಸಮೀಕರಣದ ಎರಡೂ ಕಡೆ ಎಕ್ಸ್ ಇರುತ್ತಾನಂತೆ.
ಇರಲಿ. ನಾಳೆ.

ಎರಡು ಹತ್ತು. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ.
ಬಸ್ಸು ಮೂರನೆಯ ಸಲಕ್ಕೆ ಶುರುವಾಯಿತು.
ಶಾಲೆಯ ಮುಂದೆ ಬಾಗಿಲು ತೆರೆದೆ.
ಕನ್ನಡಿಯಲ್ಲಿ ನನ್ನ ಮುಖವನ್ನೊಮ್ಮೆ ನೋಡಿಕೊಂಡೆ,
ಯಾಕೆಂದರೆ ಮಕ್ಕಳು ಹತ್ತುವಾಗ ಮೊದಲು ನೋಡುವುದು ಅದನ್ನೇ.
ಬೂಟು ಕೊಡವಿ ಒಬ್ಬೊಬ್ಬರಾಗಿ ಬಂದರು, ಎಣಿಸಿದೆ,
ಮೂವತ್ತು. ಒಂದು ಕಡಿಮೆ.
ಎಂಜಿನ್ ಆರಿಸದೆ ಕಾದೆ.
ಅಗೋ ಬರುತ್ತಿದೆ, ಒಂದೇ ಕೈಗವಸು ಹಾಕಿಕೊಂಡು,
ಓಡದೆ.